ಉಂಡು ಮಲಗಿದ ಮೇಲೂ ಮುಗಿಯದ ಜಗಳ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸ್ತ್ರೀಶಕ್ತಿ ಹಾಗೂ ಸ್ವಸಹಾಯ ಸಂಘಗಳ ಸದಸ್ಯರಿಗೆ ಬಹಿರಂಗ ಪತ್ರ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಎಲ್ಲ ಮನೆಗೂ ಹೊಂದುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಹಬ್ಬಕ್ಕೆ ತವರಿಗೆ ಕಳಿಸಲಿಲ್ಲ, ನೆಂಟರ ಮದುವೆಗೆ ಮುಯ್ಯಿ ಎಷ್ಟು ಮಾಡಬೇಕು ಎಂಬಂಥ ಜಗಳಗಳಿಗೆ ಅದು ಸರಿ. ಅಲ್ಲಿ ಇಬ್ಬರೂ ದನಿ ಎತ್ತುತ್ತಾರೆ, ಒಂದು ಸಲ ಅವರು, ಒಂದು ಸಲ ಇವರು ಸೋಲುತ್ತಾರೆ, ಬೆಳಗಾದರೆ ಇಬ್ಬರೂ ಮರೆಯುತ್ತಾರೆ. ಒಬ್ಬರೇ ಸದಾ ದನಿ ಎತ್ತಿ, ಇನ್ನೊಬ್ಬರು ಸದಾ ತಗ್ಗುವ ಮನೆಯ ಸಂಗತಿ ಬೇರೆ. ಅಲ್ಲಿ ತೋಟದ ದಾರಿಯಲ್ಲಿ ಬೈಕಿನ ಸದ್ದಾದ ಕೂಡಲೇ ಮಕ್ಕಳು ಟಿವಿ ಆರಿಸುತ್ತಾರೆ, ಫೋನಿನಲ್ಲಿ ಮಾತಾಡುತ್ತಿದ್ದ ಹೆಂಗಸು ಅರ್ಧಕ್ಕೇ ಇಟ್ಟುಬಿಡುತ್ತಾಳೆ. ಅವತ್ತು ಏಟು ಬಿದ್ದಿರಲಿ, ಬೀಳದಿರಲಿ, ಮನೆಯವರ ಭಯ ಹೀಗೆ ದಿನಚರಿಯೇ ಆಗಿಬಿಟ್ಟಿದ್ದರೆ ಅದನ್ನು ಜಗಳ ಎನ್ನಲಾಗದು. ಕಾನೂನು ಅದನ್ನು ಕೌಟುಂಬಿಕ ದೌರ್ಜನ್ಯ ಎಂದು ಕರೆಯುತ್ತದೆ.

ಇಂಥ ಮನೆಗಳು ಎಲ್ಲೋ ಒಂದು ಇರಬಹುದು ಎಂಬ ಸಮಾಧಾನಕ್ಕೆ ಅಂಕಿಅಂಶಗಳ ಬೆಂಬಲವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರ ಪೈಕಿ ಸುಮಾರು ಶೇ. 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದಕ್ಕೆ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20ರ ಆಸುಪಾಸಿನಲ್ಲಿತ್ತು. 2019–21ರಲ್ಲಿ ದೇಶದ ಸರಾಸರಿ ಶೇ. 29ರಷ್ಟಿತ್ತು. ಈ ಏರಿಕೆಯಲ್ಲಿ ಹೊಡೆತ ಹೆಚ್ಚಿದ್ದೆಷ್ಟು, ಹೇಳಿಕೊಳ್ಳುವ ಧೈರ್ಯ ಹೆಚ್ಚಿದ್ದೆಷ್ಟು ಎಂಬುದು ಅಂಕಿಯಿಂದ ತಿಳಿಯುವುದಿಲ್ಲ. ಆದರೆ ಇಪ್ಪತ್ತು ಮಂದಿಯ ಸಂಘವೊಂದರ ವಾರದ ಸಭೆಗೆ ಇದೇ ಲೆಕ್ಕ ಹಿಡಿದರೆ, ಉಳಿತಾಯದ ಹಣ ಎಣಿಸುತ್ತ ಕೂತವರಲ್ಲಿ ಎಂಟೊಂಬತ್ತು ಜನ ಅದನ್ನು ಅನುಭವಿಸಿದವರು. ಹಿಂಸೆ ಕಂಡವರಲ್ಲಿ ಯಾರನ್ನಾದರೂ ನೆರವು ಕೇಳಿದವರು ದೇಶದಲ್ಲಿ ಶೇ. 14 ಮಾತ್ರ, ಅದೂ ಹೆಚ್ಚಾಗಿ ತವರಿನವರನ್ನು.

ಮಹಿಳೆಯರನ್ನು ಕೌಟುಂಬಿಕ ದೌರ್ಜನ್ಯದಿಂದ ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ ದೃಷ್ಟಿಯಲ್ಲಿ ದೌರ್ಜನ್ಯ ಎಂದರೆ ಮೈಮೇಲಿನ ಬಾಸುಂಡೆ ಮಾತ್ರವಲ್ಲ. ಬಲವಂತದ ಸಂಭೋಗ, ಹೆಣ್ಣು ಹೆತ್ತಳೆಂದೋ ಮಕ್ಕಳಾಗಲಿಲ್ಲವೆಂದೋ ಹಂಗಿಸುವುದು, ತವರಿನವರಿಗೆ ಏನಾದರೂ ಮಾಡುತ್ತೇನೆಂದು ಬೆದರಿಸುವುದು, ಮನೆ ಖರ್ಚಿಗೆ ದುಡ್ಡು ಕೊಡದಿರುವುದು, ಅವಳ ಒಡವೆ ಮಾರುವುದು, ಎಲ್ಲವೂ ಸೇರುತ್ತವೆ. ಕಾಯ್ದೆ ಹೆಂಡತಿಗೆ ಮಾತ್ರ ಸೀಮಿತವೂ ಅಲ್ಲ. ತಾಯಿ, ಅಕ್ಕತಂಗಿ, ಗಂಡ ಸತ್ತ ಮೇಲೆ ಮೈದುನನ ಮನೆಯಲ್ಲಿರುವ ವಿಧವೆ, ಮದುವೆಯಾಗದೆ ಸಂಸಾರ ಹೂಡಿದವಳು, ಒಂದೇ ಸೂರಿನಡಿ ಬಾಳಿದ ಎಲ್ಲ ಹೆಂಗಸರೂ ಇದರಡಿ ನೆರವು ಕೇಳಬಹುದು. ದೂರು ಗಂಡಸರ ಮೇಲಷ್ಟೇ ಇರಬೇಕೆಂದಿದ್ದ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು, ಹಾಗಾಗಿ ಅತ್ತೆ ನಾದಿನಿಯರೂ ಉತ್ತರ ಕೊಡಬೇಕಾಗುತ್ತದೆ.

ದುಡ್ಡಿನ ಮೂಲಕ ನಡೆಯುವ ಹಿಂಸೆ ತೆಂಗಿನ ಸೀಮೆಯಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಕಾಯಿ ಹತ್ತು–ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ದಿನ ಇಲಿಯಿಂದ, ಸೋರುವ ಹೆಂಚಿನಿಂದ ಅದನ್ನು ಕಾಯುವುದರಲ್ಲಿ, ಕೊನೆಗೆ ಚಿಪ್ಪು ಬಿಡಿಸಿ ಹಸನು ಮಾಡುವುದರಲ್ಲಿ ಮನೆಯ ಹೆಂಗಸರ ಕೈ ಇದ್ದೇ ಇರುತ್ತದೆ. ದುಡ್ಡು ಬರುವುದು ಮಾತ್ರ ಒಂದೇ ಸಲ, ತಿಪಟೂರಿನ ಮಾರುಕಟ್ಟೆಯಲ್ಲಿ, ಪಹಣಿಯಲ್ಲಿ ಹೆಸರಿರುವವನ ಕೈಗೆ. ಪಟ್ಟಿಯಲ್ಲಿ ಎಷ್ಟು ಬರೆದಿತ್ತೆಂದು ಹೆಂಡತಿಗೆ ಗೊತ್ತಿಲ್ಲದ ಮನೆಗಳು ಬೇಕಾದಷ್ಟು. ಗೊತ್ತಿಲ್ಲದಿರುವುದೇ ದೌರ್ಜನ್ಯವಲ್ಲ. ಕೇಳಿದ್ದಕ್ಕೆ ಏಟು ಬಿದ್ದರೆ, ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ದಿನವೇ ಎಟಿಎಂ ಕಾರ್ಡು ಕಿತ್ತುಕೊಂಡರೆ, ಕೊಬ್ಬರಿ ಪುಡಿ ಕಾರ್ಖಾನೆಯ ಕೂಲಿಯನ್ನು ವಾರವಾರ ಒಪ್ಪಿಸಬೇಕಾದರೆ, ಸಂಘದಲ್ಲಿ ಅವಳ ಹೆಸರಿನಲ್ಲಿ ಸಾಲ ಎತ್ತಿಸಿ ಕಂತಿಗೆ ಅವಳನ್ನೇ ಕಾಡಿದರೆ ಅದು ಆರ್ಥಿಕ ದೌರ್ಜನ್ಯ. ಈ ಕೊನೆಯದು ಸಂಘದ ಪುಸ್ತಕದಲ್ಲಿಯೇ ಕಾಣುತ್ತದೆ. ಕಂತು ತಪ್ಪಿಸುವ ಸದಸ್ಯೆಯನ್ನು ಎಲ್ಲರೆದುರು ನಿಲ್ಲಿಸಿ ಕೇಳುವ ಮೊದಲು ಸಾಲದ ದುಡ್ಡು ಯಾರ ಕೈಸೇರಿತು ಎಂದು ವಿಚಾರಿಸಿದರೆ ಅನೇಕ ಮನೆಗಳ ಕಥೆ ಹೊರಬರುತ್ತದೆ.

ಹೊಡೆಯುವವನ ಪರವಾಗಿ ಊರು ಹೇಳುವ ಕಾರಣಗಳಿಗೆ ಕೊನೆಯಿಲ್ಲ. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಿದ್ದಾಗ ಸಾಲದ ಕಾಟಕ್ಕೆ ಹಾಗಾಡುತ್ತಾನೆ ಎನ್ನಬಹುದಿತ್ತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿದಾಗ ದುಡ್ಡಿನ ಮದ ಎನ್ನಬಹುದಿತ್ತು. ಧಾರಣೆ ಏರಿಳಿದಂತೆ ಕಾರಣ ಬದಲಾಗುತ್ತದೆ, ಏಟು ತಿನ್ನುವ ಮೈ ಬದಲಾಗುವುದಿಲ್ಲ. ಕುಡಿತದ ಕಾರಣವೂ ಅಷ್ಟೇ. ಎಷ್ಟೇ ಕುಡಿದಿದ್ದರೂ ಅವನು ಮಂಡಿ ಸಾಹುಕಾರನ ಕೆನ್ನೆಗೆ ಹೊಡೆದು ಬರುವುದಿಲ್ಲ. ಯಾರಿಗೆ ಹೊಡೆಯಬಹುದು, ಯಾರಿಗೆ ಹೊಡೆಯಬಾರದು ಎಂಬ ಎಚ್ಚರ ಅಮಲಿನಲ್ಲೂ ಇರುತ್ತದೆ. ಕುಡಿತ ಬಿಡಿಸುವುದು ಒಳ್ಳೆಯದೇ, ಆದರೆ ಅದರಿಂದ ಹೊಡೆತ ತಾನಾಗಿ ನಿಲ್ಲುತ್ತದೆಂದು ನಂಬಿ ವರ್ಷಗಟ್ಟಲೆ ಕಾಯುವುದು ಅಪಾಯ.

ಹೊಡೆದ ಮರುದಿನದ ಒಳ್ಳೆಯತನವೂ ಈ ಸರಣಿಯದೇ ಭಾಗ. ಸೀರೆ ಬರುತ್ತದೆ, ಮಕ್ಕಳ ತಲೆ ಮುಟ್ಟಿ ಆಣೆ ಆಗುತ್ತದೆ, ಧರ್ಮಸ್ಥಳಕ್ಕೋ ಎಡೆಯೂರಿಗೋ ಕರೆದೊಯ್ಯುವುದಾಗುತ್ತದೆ. ಕೆಲವು ವಾರ ನೆಮ್ಮದಿ. ಮತ್ತೆ ಮುಖ ಬಿಗಿಯುತ್ತದೆ, ಮತ್ತೆ ಏಟು. ಸುತ್ತು ತಿರುಗಿದಂತೆ ನಡುವಿನ ನೆಮ್ಮದಿಯ ದಿನಗಳು ಕಡಿಮೆಯಾಗುತ್ತ ಹೋಗುವುದು ಸಾಮಾನ್ಯ. ಹೊರಗಿನವರು ಇಷ್ಟಾದರೂ ಯಾಕೆ ಬಿಟ್ಟು ಬರುವುದಿಲ್ಲ ಎಂದು ಕೇಳುವುದು ಸುಲಭ. ಒಳಗಿರುವವಳು ಆ ನೆಮ್ಮದಿಯ ವಾರಗಳನ್ನೇ ನಿಜವಾದ ಗಂಡ ಎಂದು ನಂಬಿರುತ್ತಾಳೆ.

ಕೆಲವು ಲಕ್ಷಣ ಕಂಡರೆ ಕಾಯುವಂತಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ಕುತ್ತಿಗೆ ಹಿಸುಕುವುದು. ಹೊರಗೆ ಗಾಯವೇ ಕಾಣದಿರಬಹುದು, ಆದರೆ ಒಮ್ಮೆ ಕುತ್ತಿಗೆಗೆ ಕೈ ಹಾಕಿದವನಿಂದ ಕೊಲೆಯಾಗುವ ಸಂಭವ ಹಲವು ಪಟ್ಟು ಹೆಚ್ಚು ಎಂಬುದು ಈ ವಿಷಯದ ಅಧ್ಯಯನಗಳು ಮತ್ತೆ ಮತ್ತೆ ಕಂಡ ಸಂಗತಿ. ಹಿಸುಕಿದ ಮೇಲೆ ದನಿ ಒಡೆದರೆ, ನುಂಗಲು ಕಷ್ಟವಾದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಮೂಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಳಗಿನ ಪೆಟ್ಟು ತಾಸುಗಳ ನಂತರವೂ ಪ್ರಾಣ ತೆಗೆಯಬಲ್ಲದು. ಬಸುರಿಯ ಹೊಟ್ಟೆಗೆ ಒದೆಯುವುದು, ಮಚ್ಚು ತೋರಿಸಿ ಬೆದರಿಸುವುದು, ಸೀಮೆಎಣ್ಣೆ ಅಥವಾ ಪೆಟ್ರೋಲ್ ಸುರಿಯುತ್ತೇನೆನ್ನುವುದು, ನೀನು ಹೋದರೆ ಮಕ್ಕಳನ್ನೂ ಸಾಯಿಸಿ ನಾನೂ ಸಾಯುತ್ತೇನೆನ್ನುವುದು ಕೂಡ ಬರೀ ಬಾಯಿಮಾತೆಂದು ತಳ್ಳಿಹಾಕುವಂಥವಲ್ಲ. ಇನ್ನೊಂದು ಅಪಾಯ ಹೆಂಗಸಿನ ಮನಸ್ಸಿನಲ್ಲೇ ಹುಟ್ಟುತ್ತದೆ. ತೋಟಕ್ಕೆ ತಂದ ಔಷಧಿ ಮನೆಯ ಮೂಲೆಯಲ್ಲೇ ಇರುತ್ತದೆ. ಬದುಕು ಸಾಕೆಂದು ಆಡುವವಳ ಮನೆಯಿಂದ ಮೊದಲು ಅದನ್ನು ಸಾಗಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತದೆ.

ಎಲ್ಲಕ್ಕಿಂತ ಅಪಾಯದ ಹೊತ್ತು ಅವಳು ಬಿಟ್ಟು ಹೊರಡುವ ಹೊತ್ತು. ಹಿಡಿತ ಕೈತಪ್ಪುತ್ತಿದೆ ಎಂದು ಗೊತ್ತಾದಾಗಲೇ ಹಿಂಸೆ ಅತಿರೇಕಕ್ಕೆ ಹೋಗುವುದು. ಹಾಗಾಗಿ ನಾಳೆ ಬೆಳಗ್ಗೆ ಹೋಗ್ತೀನಿ ಎಂದು ಹೇಳಿ ಹೊರಡುವುದು, ಪಂಚಾಯ್ತಿಯಲ್ಲಿ ಘೋಷಿಸಿ ಹೊರಡುವುದು ತಪ್ಪು ಲೆಕ್ಕ. ಹೊರಡುವುದಿದ್ದರೆ ಸದ್ದಿಲ್ಲದೆ ಹೊರಡಬೇಕು.

ತೋಟದ ಮನೆಯ ವಿಷಯ ಇಲ್ಲಿ ಬೇರೆಯಾಗಿ ಹೇಳಬೇಕಾಗುತ್ತದೆ. ಊರೊಳಗಿನ ಮನೆಯಲ್ಲಿ ಕೂಗಿದರೆ ಪಕ್ಕದ ಗೋಡೆಗಾದರೂ ಕೇಳುತ್ತದೆ. ಹೊನ್ನವಳ್ಳಿ, ಶೆಟ್ಟಿಕೆರೆ, ದಂಡಿನಶಿವರದ ಕಡೆಯ ತೋಟದ ಮನೆಗಳಿಂದ ಕೂಗಿದರೆ ನಾಲ್ಕು ಸಾಲು ಮರ ದಾಟುವುದರೊಳಗೆ ದನಿ ಸಾಯುತ್ತದೆ. ಅಂಥ ಮನೆಯಲ್ಲಿರುವವಳಿಗೆ ಮೊದಲೇ ಗೊತ್ತು ಮಾಡಿಕೊಂಡ ಗುರುತು ಬೇಕು: ಅಂಗಳದಲ್ಲಿ ಒಣಹಾಕಿದ ಒಂದು ಬಣ್ಣದ ಬಟ್ಟೆ, ಫೋನಿನಲ್ಲಿ ಹಿಟ್ಟು ಇದೆಯಾ ಎಂಬಂಥ ಒಂದು ಸಾಮಾನ್ಯ ಮಾತು. ಅದನ್ನು ಕಂಡ ಅಥವಾ ಕೇಳಿದ ಗೆಳತಿ 112ಕ್ಕೆ ಕರೆ ಮಾಡಬೇಕು, ಒಬ್ಬಳೇ ಬಿಡಿಸಲು ಓಡಬಾರದು. ಜಗಳ ಏರುತ್ತಿದೆ ಎನ್ನಿಸಿದಾಗ ಅಡುಗೆಮನೆ, ಬಚ್ಚಲು, ಮಚ್ಚು ಕುಡುಗೋಲು ಇಡುವ ಜಾಗ, ಇವುಗಳಿಂದ ದೂರ, ಹೊರಬಾಗಿಲಿಗೆ ಹತ್ತಿರ ಇರುವುದು ಕ್ಷೇಮ. ಓಡಿ ಹೋಗಬೇಕಾದ ಮನೆ ಯಾವುದು, ದಾರಿ ಯಾವುದು ಎಂದು ಮಕ್ಕಳಿಗೆ ತಿಳಿದಿರಬೇಕು. ನಡುವೆ ಬಂದು ಅಪ್ಪನನ್ನು ತಡೆಯುವ ಕೆಲಸ ಮಾತ್ರ ಮಕ್ಕಳದಲ್ಲ.

ಕರೆ ಮಾಡುವುದಕ್ಕೆ ಹೊತ್ತು ಬೇಕು. ಕೊಬ್ಬರಿ ಹೇರಿಕೊಂಡು ಅವನು ಮಾರುಕಟ್ಟೆಗೆ ಹೋದ ದಿನವೋ, ತ್ರೀ ಫೇಸ್ ಕರೆಂಟು ಬಂದು ಮೋಟಾರು ಹಾಕಲು ಹೋದ ಹೊತ್ತೋ ಸಿಗಬಹುದು. ಆದರೆ ಸ್ವಂತ ಫೋನು ಎಷ್ಟು ಸ್ವಂತ ಎಂಬುದನ್ನು ನೋಡಿಕೊಳ್ಳಬೇಕು. ಸಿಮ್ ಗಂಡನ ಹೆಸರಿನಲ್ಲಿರಬಹುದು, ಅವಳ ವಾಟ್ಸ್ಆ್ಯಪ್ ಇನ್ನೊಂದು ಫೋನಿನಲ್ಲೂ ತೆರೆದಿರಬಹುದು, ಇರುವ ಜಾಗ ತೋರಿಸುವ ಸೌಲಭ್ಯ ಚಾಲೂ ಇರಬಹುದು. ಅಂಗನವಾಡಿ ಕಾರ್ಯಕರ್ತೆಯ, ಆಶಾ ಕಾರ್ಯಕರ್ತೆಯ ಅಥವಾ ಸಂಘದ ಗೆಳತಿಯ ಫೋನಿನಿಂದ ಮಾತಾಡುವುದು ಮೇಲು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100.

ಹೊರಡುವ ಮುನ್ನ ಕಾಗದಪತ್ರ ಸೇರಿಸಿಕೊಳ್ಳಬೇಕು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿಗಳು, ಮದುವೆಯ ಫೋಟೊ, ಲಗ್ನಪತ್ರಿಕೆ. ಮದುವೆ ನೋಂದಣಿಯಾಗಿರದ ಎಷ್ಟೋ ಮನೆಗಳಲ್ಲಿ ಲಗ್ನಪತ್ರಿಕೆಯೇ ಮುಖ್ಯ ಪುರಾವೆ. ಎಲ್ಲವನ್ನೂ ಒಮ್ಮೆಗೇ ಎತ್ತಿದರೆ ಅನುಮಾನ ಬರುತ್ತದೆ, ಆದ್ದರಿಂದ ಒಂದೊಂದರ ಜೆರಾಕ್ಸ್ ನಂಬಿಕೆಯವರ ಮನೆ ಸೇರಲಿ. ಮೂಲ ಆಧಾರ್ ಅವಳ ಕೈಯಲ್ಲೇ ಇದ್ದರೆ ಇನ್ನೊಂದು ಉಪಯೋಗವುಂಟು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಕೈಯಲ್ಲಿ ಬಿಡಿಗಾಸಿಲ್ಲದವಳೂ ತುಮಕೂರು ತಲುಪಬಹುದು. ಖಾಸಗಿ ಬಸ್ಸಿಗೆ ಇದು ನಡೆಯುವುದಿಲ್ಲ, ಅದನ್ನು ನೆನಪಿಟ್ಟು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಸಾಧ್ಯವಾದರೆ ಮಕ್ಕಳು ಜೊತೆಯಲ್ಲೇ ಇರಲಿ. ಆಮೇಲೆ ಬಂದು ಕರೆದೊಯ್ಯುವೆ ಎಂದುಕೊಂಡವರು ಆ ಮಕ್ಕಳಿಗಾಗಿಯೇ ಮತ್ತೆ ಅದೇ ಹೊಸಿಲು ತುಳಿದದ್ದುಂಟು.

ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ನಿಜ ಹೇಳುವುದು ಒಳ್ಳೆಯದು. ಬಚ್ಚಲಲ್ಲಿ ಜಾರಿದೆ, ಹಸು ಒದೆಯಿತು, ಗರಿ ಬಿತ್ತು ಎಂಬ ಹಳೆಯ ಉತ್ತರಗಳನ್ನು ವೈದ್ಯರು ಅವಳು ಹೇಳಿದ ಹಾಗೇ ಬರೆದುಕೊಳ್ಳುತ್ತಾರೆ, ಎರಡು ವರ್ಷದ ನಂತರ ನ್ಯಾಯಾಲಯದಲ್ಲಿ ಅದೇ ಸಾಲು ಅವಳಿಗೆ ಎದುರಾಗಿ ನಿಲ್ಲುತ್ತದೆ. ಗಂಡನೋ ಅತ್ತೆಯೋ ಪಕ್ಕದಲ್ಲೇ ನಿಂತಿದ್ದರೆ, ಒಬ್ಬಳನ್ನೇ ಪರೀಕ್ಷಿಸಬೇಕೆಂದು ನರ್ಸಿಗೆ ಮೆಲ್ಲಗೆ ಹೇಳಬಹುದು.

ಇನ್ನು ಕಚೇರಿಯ ದಾರಿ. ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಅಂಗನವಾಡಿ, ಪೌಷ್ಟಿಕ ಆಹಾರ, ನೇಮಕಾತಿ ಎಂದು ಮೈತುಂಬ ಕೆಲಸವಿರುವವರ ಹೆಗಲಿಗೇ ಸರ್ಕಾರ ಈ ಹೊಣೆಯನ್ನೂ ಹೊರಿಸಿದ್ದು ವಿವೇಕವೇನಲ್ಲ. ಆದರೂ ಕಾನೂನು ಅವರಿಗೆ ಕೊಟ್ಟ ಕೆಲಸ ಸ್ಪಷ್ಟ. ಅವಳ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಬರೆಯಬೇಕು, ಅವಳು ಬಯಸಿದರೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಸಿದ್ಧಪಡಿಸಬೇಕು, ಇರಲು ಜಾಗವಿಲ್ಲದಿದ್ದರೆ ಆಶ್ರಯ, ಗಾಯವಾಗಿದ್ದರೆ ಚಿಕಿತ್ಸೆ ಸಿಗುವಂತೆ ನೋಡಬೇಕು. ಪೆಟ್ಟು ತಿಂದವಳೇ ಬರಬೇಕೆಂದೂ ಇಲ್ಲ. ವಿಷಯ ತಿಳಿದ ಯಾರು ಬೇಕಾದರೂ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಮೊಕದ್ದಮೆ ನಡೆಯದು. ಕಾನೂನು ನೆರವು ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಅರ್ಜಿಯನ್ನು ಗಂಡನ ಊರಲ್ಲೇ ಹಾಕಬೇಕಾಗಿಲ್ಲ. ತುರುವೇಕೆರೆಗೆ ಸೊಸೆಯಾಗಿ ಹೋದವಳು ತವರಾದ ಹುಳಿಯಾರಿಗೆ ಬಂದಿದ್ದರೆ ಚಿಕ್ಕನಾಯಕನಹಳ್ಳಿಯಲ್ಲೇ ಹಾಕಬಹುದು.

ಕೇಸು ಹಾಕಿದರೆ ಗಂಡ ಜೈಲಿಗೆ ಹೋಗುತ್ತಾನೆ, ಸಂಸಾರ ಮುರಿಯುತ್ತದೆ ಎಂಬ ಹೆದರಿಕೆಯಿಂದ ಹಿಂದೆಗೆಯುವವರೇ ಹೆಚ್ಚು. ಈ ಕಾಯ್ದೆಯಡಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ, ವಿಚ್ಛೇದನ ಕೇಳಬೇಕಾಗಿಯೂ ಇಲ್ಲ. ಹೊಡೆಯಕೂಡದು, ಹತ್ತಿರ ಬರಕೂಡದು, ಮನೆಯಿಂದ ಹೊರಹಾಕಕೂಡದು, ತಿಂಗಳಿಗೆ ಇಷ್ಟು ಕೊಡಬೇಕು, ಒಡವೆ ಹಿಂದಿರುಗಿಸಬೇಕು, ಮಕ್ಕಳು ತಾಯಿಯ ಬಳಿ ಇರಲಿ ಎಂಬಂಥ ಆದೇಶಗಳು ಸಿಗುತ್ತವೆ. ತುರ್ತಿದ್ದರೆ ಎದುರು ಪಕ್ಷವನ್ನು ಕೇಳುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಮನೆ ಮಾವನ ಹೆಸರಲ್ಲಿದೆ, ನಿನಗೇನು ಹಕ್ಕು ಎಂಬ ಮಾತೂ ಈಗ ನಡೆಯುವುದಿಲ್ಲ. ಅತ್ತೆ ಮಾವನ ಹೆಸರಿನ ಮನೆಯೂ ಸೊಸೆ ಸಂಸಾರ ಮಾಡಿದ ಮನೆಯಾಗಿದ್ದರೆ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. ರಕ್ಷಣಾ ಆದೇಶ ಮುರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ. ಅರ್ಜಿ 60 ದಿನದಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ, ನಿಜದಲ್ಲಿ ಅದು ಎಳೆಯುತ್ತದೆ. ಕ್ರೂರ ಹಿಂಸೆಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಡುವ ದಾರಿ ಬೇರೆ. ಹಿಂದಿನ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ, ಶಿಕ್ಷೆ ಮೂರು ವರ್ಷದವರೆಗೆ.

ಮುಚ್ಚಳಿಕೆಯ ಬಗ್ಗೆ ಭ್ರಮೆ ಬೇಡ. ಜಗುಲಿಯಲ್ಲಿ ಹಿರಿಯರು ಕೂತು ಇನ್ನು ಮೇಲೆ ಹೊಡೆಯುವುದಿಲ್ಲ ಎಂದು ಬರೆಸಿಕೊಳ್ಳುವ ಕಾಗದ ಈ ಸೀಮೆಯಲ್ಲಿ ಹಳೆಯ ರೂಢಿ, ಠಾಣೆಯಲ್ಲೂ ಹಾಗೆ ಬರೆಸಿ ಕಳಿಸುವುದುಂಟು. ಅದು ನ್ಯಾಯಾಲಯದ ಆದೇಶವಲ್ಲ. ಮುರಿದರೆ ಅಷ್ಟರಿಂದಲೇ ಶಿಕ್ಷೆಯಾಗುವುದಿಲ್ಲ, ಇನ್ನೊಂದು ಮುಚ್ಚಳಿಕೆಯಾಗುತ್ತದೆ ಅಷ್ಟೆ. ಹೊಡೆದವನ ಎದುರಿಗೇ ಹೊಡೆಸಿಕೊಂಡವಳನ್ನು ಕೂರಿಸಿ, ನಿನ್ನದೂ ತಪ್ಪಿದೆ, ಹೊಂದಿಕೊಂಡು ಹೋಗಮ್ಮ ಎನ್ನುವ ಪಂಚಾಯ್ತಿಯಲ್ಲಿ ಅವಳು ಬಾಯಿಬಿಟ್ಟ ಪ್ರತಿ ಮಾತಿಗೂ ಮನೆಗೆ ಹೋದ ಮೇಲೆ ಲೆಕ್ಕ ಕೊಡಬೇಕಾಗುತ್ತದೆ. ಮುಚ್ಚಳಿಕೆ ಆಗಿಬಿಟ್ಟಿದ್ದರೆ ಅದರ ಪ್ರತಿಯನ್ನು ಎತ್ತಿಡಬೇಕು. ಹಿಂಸೆ ಮೊದಲಿನಿಂದಲೂ ಇತ್ತೆಂದು ಅವನೇ ಸಹಿ ಹಾಕಿದ ಕಾಗದ ಅದು.

ಮುದುಕಿಯರ ವಿಷಯದಲ್ಲಿ ದಾರಿ ಇನ್ನೂ ಹತ್ತಿರ. ತೋಟ ಬರೆಸಿಕೊಂಡು ಅನ್ನ ಹಾಕದ ಮಕ್ಕಳ ಮೇಲೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ಕೊಡಬಹುದು. ಮೂರೂ ತಾಲ್ಲೂಕುಗಳಿಗೆ ಆ ಕಚೇರಿ ತಿಪಟೂರಿನಲ್ಲೇ ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಹಿರಿಯರ ಸಹಾಯವಾಣಿ 14567.

ಸಂಘಗಳಿಂದ ಆಗಬೇಕಾದದ್ದು ನ್ಯಾಯ ತೀರ್ಮಾನವಲ್ಲ. ಒಬ್ಬಳು ಹೇಳಿಕೊಂಡಾಗ ನಂಬುವುದು, ಆಡಿದ ಮಾತು ಸಭೆಯ ಬಾಗಿಲು ದಾಟದಂತೆ ನೋಡುವುದು, ಬಿಡು ಅಥವಾ ಇರು ಎಂದು ಅವಳ ಪರವಾಗಿ ತೀರ್ಮಾನಿಸದಿರುವುದು, ಸಿಡಿಪಿಒ ಕಚೇರಿಗೆ ಹೋಗುವ ದಿನ ಜೊತೆಗೊಬ್ಬರು ಹೋಗುವುದು. ಗಂಡನಿಗೆ ಬುದ್ಧಿ ಹೇಳಲು ಗುಂಪಾಗಿ ಮನೆ ಬಾಗಿಲಿಗೆ ಹೋಗುವ ಉತ್ಸಾಹ ಬೇಡ. ಅವರು ಹಿಂದಿರುಗಿದ ಮೇಲೆ ಆ ಮನೆಯಲ್ಲಿ ರಾತ್ರಿ ಕಳೆಯಬೇಕಾದವಳು ಅವಳೇ. ಅವಳು ಒಮ್ಮೆ ಹೋಗಿ ಮತ್ತೆ ಗಂಡನ ಮನೆಗೆ ಬಂದರೆ ಮೂಗು ಮುರಿಯಬಾರದು. ಎರಡನೆಯ ಸಲವೋ ಐದನೆಯ ಸಲವೋ ಅವಳು ಬಾಗಿಲು ತಟ್ಟುವಾಗ ಅದು ತೆರೆದಿರಬೇಕು. ಈ ಪತ್ರವನ್ನು ಮನೆಗೆ ಕೊಟ್ಟು ಕಳಿಸದೆ ಸಭೆಯಲ್ಲೇ ಗಟ್ಟಿಯಾಗಿ ಓದಿದರೆ ಸಾಕು. 181ಕ್ಕೆ ಕರೆ ಮಾಡಿದವರು ಮಾತು ಮುಗಿದ ಮೇಲೆ ಫೋನಿನ ಕರೆಪಟ್ಟಿಯಿಂದ ಆ ಸಂಖ್ಯೆಯನ್ನು ಅಳಿಸಿಬಿಡಬೇಕು.